ಮೂತ್ರಕೋಶ ತುಂಬುವ ಮೊದಲೇ ಇಷ್ಟು ಅವಸರವೇಕೆ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: "ಅಪ್ಪ ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಹೋದರೆ ಬರುವುದು ಅರ್ಧ ಲೋಟ. ಇಷ್ಟಕ್ಕೆ ಅಷ್ಟೊಂದು ಅವಸರವೇಕೆ?" ವಯಸ್ಸಾಯಿತು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನಗೆ ಆ ಉತ್ತರ ಕಂಡರೆ ಆಗದು.

ಮೂಲ ಪಾಠವನ್ನು ಓಡಿಸಿಬಿಡುತ್ತೇನೆ. ಮೂತ್ರಕೋಶ ಸುಮಾರು 400–500 ಮಿಲಿ ಲೀಟರ್ ಹಿಡಿಯುತ್ತದೆ. 150–200 ತುಂಬುವಾಗಲೇ ಮೊದಲ ಸೂಚನೆ ಬರುತ್ತದೆ. ಡೆಟ್ರುಸರ್ ಎಂಬ ಸ್ನಾಯು ಹಿಂಡಿದಾಗ ಮೂತ್ರ ಹೊರಗೆ ಹೋಗುತ್ತದೆ. ಆಯಿತು, ಈಗ ಸ್ವಾರಸ್ಯದ ಜಾಗಕ್ಕೆ ಹೋಗೋಣ.

[ತೆರೆಯ ಮೇಲೆ: ಮೂತ್ರಕೋಶದ ಒಳಪದರ, ಹತ್ತಿರದಿಂದ]

ಮೂತ್ರಕ್ಕೆ ತಾಗಿಕೊಂಡಿರುವ ಸಾಲಿನಲ್ಲಿ ಛತ್ರಿ ಜೀವಕೋಶಗಳಿವೆ. ಅವುಗಳ ಹೊರಮೈಯಲ್ಲಿ ಯೂರೋಪ್ಲಾಕಿನ್ ಎಂಬ ಪ್ರೋಟೀನುಗಳು ಷಟ್ಕೋನಾಕಾರದಲ್ಲಿ ಒತ್ತೊತ್ತಾಗಿ ಕುಳಿತು, ಮೂತ್ರ ಒಳಗೆ ಸೋರದಂತೆ ತಡೆಯುತ್ತವೆ. ಇಷ್ಟು ಗಟ್ಟಿಯಾದ ಹಾಸು ಹಿಗ್ಗುವುದು ಹೇಗೆ? ಬೆಳೆಯುವ ಹುಡುಗಿಯ ಲಂಗ ಹೊಲಿಯುವಾಗ ದರ್ಜಿ ಅಂಚಿನೊಳಗೆ ಬಟ್ಟೆ ಮಡಿಚಿಟ್ಟಿರುತ್ತಾನಲ್ಲ, ಹಾಗೆ. ಜೀವಕೋಶದೊಳಗೆ ಹೆಚ್ಚುವರಿ ಪೊರೆ ಪುಟ್ಟ ಚಪ್ಪಟೆ ಚೀಲಗಳಾಗಿ ಕಾದಿರುತ್ತದೆ. ಮೂತ್ರ ತುಂಬುತ್ತಿದ್ದಂತೆ ಆ ಚೀಲಗಳು ಮೇಲೆ ಬಂದು ಹೊರಪೊರೆಗೆ ಬೆಸೆದುಕೊಳ್ಳುತ್ತವೆ, ಖಾಲಿಯಾದಾಗ ಮರಳಿ ಒಳಗೆ ಹೋಗುತ್ತವೆ. ದಿನಕ್ಕೆ ಆರೇಳು ಸಲ ಲಂಗ ಬಿಚ್ಚಿ ಹೊಲಿ ಎಂದರೆ ಯಾವ ದರ್ಜಿಯಾದರೂ ಅಂಗಡಿಗೆ ಬೀಗ ಹಾಕುತ್ತಾನೆ!

ಈ ಸೌಕರ್ಯವನ್ನು ಇ. ಕೋಲಿ ಬ್ಯಾಕ್ಟೀರಿಯಾ ಕೂಡ ಕಂಡುಕೊಂಡಿದೆ. ಯೂರೋಪ್ಲಾಕಿನ್ನನ್ನೇ ಹಿಡಿದುಕೊಂಡು ಜೀವಕೋಶದೊಳಗೆ ನುಸುಳಿ ಅಡಗುತ್ತದೆ. ಔಷಧ ಮುಗಿದ ಮೇಲೂ ಉರಿಮೂತ್ರ ಮರುಕಳಿಸುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಇನ್ನು ಅಪ್ಪನ ಅವಸರ. ಹಿಗ್ಗಿದ ಒಳಪದರ ಎಟಿಪಿಯನ್ನು ಹೊರಬಿಡುತ್ತದೆ. ಹೌದು, ಶಕ್ತಿಯ ಅಣು ಎಂದು ಪಿಯುಸಿಯಲ್ಲಿ ಉರು ಹೊಡೆದ ಅದೇ ಎಟಿಪಿ. ಅದು ನರತುದಿಯಲ್ಲಿ ಸಂದೇಶ ಹಿಡಿಯುವ ಪಿ2ಎಕ್ಸ್3 ಎಂಬ ಗ್ರಾಹಕ ಪ್ರೋಟೀನಿಗೆ ತಗಲಿದಾಗ ಸುದ್ದಿ ಮೇಲಕ್ಕೆ, ಮಿದುಳಿನತ್ತ ಹೋಗುತ್ತದೆ. ಎಟಿಪಿ ನರಸಂದೇಶವನ್ನೂ ಒಯ್ಯುತ್ತದೆ ಎಂದು 1972ರಲ್ಲಿ ಜೆಫ್ರಿ ಬರ್ನ್‌ಸ್ಟಾಕ್ ಎಂಬ ವಿಜ್ಞಾನಿ ಬರೆದಾಗ ಬಹಳ ಮಂದಿ ನಂಬಲಿಲ್ಲ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆ ಗ್ರಾಹಕವಿಲ್ಲದ ಇಲಿಗಳ ಮೂತ್ರಕೋಶ ಹೆಚ್ಚು ತುಂಬಿಸಿಕೊಳ್ಳುತ್ತಿತ್ತು, ಅವು ಮೂತ್ರ ಮಾಡುವುದೂ ಕಡಿಮೆಯಾಗಿತ್ತು. ಅಂದರೆ ಅವಸರವನ್ನು ತೀರ್ಮಾನಿಸುವುದು ಮೂತ್ರದ ಪ್ರಮಾಣವೊಂದೇ ಅಲ್ಲ. ಅದನ್ನು ವರದಿ ಮಾಡುವ ವ್ಯವಸ್ಥೆ ಕೆಟ್ಟರೆ ಅರ್ಧ ಲೋಟವೂ ತುಂಬಿದ ಕೊಡದಂತೆ ಕೂಗುತ್ತದೆ.

ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಮೂತ್ರದ ದಾರಿಯನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಆ ದಾರಿ ಕಿರಿದಾದರೆ ಡೆಟ್ರುಸರ್ ಮೈಮುರಿದು ಹಿಂಡಬೇಕು. ಹಿಂಡಿದಾಗಲೆಲ್ಲ ಅದರ ರಕ್ತದ ಹರಿವು ಕುಸಿದು, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಆಗ ಹುಟ್ಟುವ ಫ್ರೀ ರಾಡಿಕಲ್ ಎಂಬ ಪುಂಡ ಅಣುಗಳು ನರತುದಿಗಳನ್ನೂ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳನ್ನೂ ಹಾಳುಮಾಡುವುದು ಪ್ರಾಣಿಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ನರ ಕಳೆದುಕೊಂಡ ಸ್ನಾಯು ಅತಿಸೂಕ್ಷ್ಮವಾಗಿ, ಯಾರೂ ಹೇಳದಿದ್ದರೂ ಮಿಡಿಯುತ್ತದೆ. ಕಾಲಕ್ರಮೇಣ ಕಾಲಜನ್ ಎಂಬ ನಾರಿನಂಥ ಪ್ರೋಟೀನು ಸೇರಿ ಮೂತ್ರಕೋಶದ ಗೋಡೆ ಬಿಗಿಯುತ್ತದೆ. ಪೂರ್ತಿ ಖಾಲಿಯೂ ಆಗುವುದಿಲ್ಲ. ಉಳಿದದ್ದರ ಮೇಲೆ ಸ್ವಲ್ಪ ಸೇರಿದರೆ ಸಾಕು, ಅಪ್ಪ ಮತ್ತೆ ಏಳಬೇಕು.

ಸಮಯ ಮೀರುತ್ತಿದೆ, ಉಳಿದದ್ದು ಒಂದೇ ಉಸಿರಿನಲ್ಲಿ. ಮಧುಮೇಹದಲ್ಲಿ ಮೊದಮೊದಲು ಇದೇ ಅವಸರ ಕಾಣಿಸಿಕೊಂಡು, ವರ್ಷಗಳು ಕಳೆದಂತೆ ನರ ಮಂದವಾಗಿ ತುಂಬಿದ್ದೇ ತಿಳಿಯದಂತಾಗಬಹುದು. ಔಷಧಗಳಲ್ಲಿ ಕೆಲವು ಹಿಂಡುವ ಆಜ್ಞೆ ಹೊತ್ತು ತರುವ ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಲ್ಲುತ್ತವೆ, ಮಿರಾಬೆಗ್ರಾನ್ ಸ್ನಾಯುವನ್ನು ಸಡಿಲಿಸುತ್ತದೆ. ಹಣೆಯ ಸುಕ್ಕಿಗೆ ಚುಚ್ಚುವ ಬೊಟಾಕ್ಸನ್ನು, ಸ್ನಾಯು ಅತಿಯಾಗಿ ಹಿಂಡದಿರಲಿ ಎಂದು ಮೂತ್ರಕೋಶಕ್ಕೂ ಚುಚ್ಚುತ್ತಾರೆ.

ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ಮೆಡಿಕಲ್ ಅಂಗಡಿಯಿಂದ ನೆಗಡಿ ಮಾತ್ರೆ ತಂದುಕೊಡುವ ಮೊದಲು ವೈದ್ಯರನ್ನು ಕೇಳಿ. ಅವುಗಳಲ್ಲಿ ಕೆಲವು ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುತ್ತವೆ, ಕೆಲವು ಮೂತ್ರಕೋಶದ ಬಾಯಿಯನ್ನು ಬಿಗಿಯುತ್ತವೆ. ಮೊದಲೇ ದಣಿದ ಸ್ನಾಯು ಕೈಚೆಲ್ಲಿದರೆ ಮೂತ್ರ ಪೂರ್ತಿ ಕಟ್ಟಿಕೊಂಡು, ಮೂತ್ರ ಹೊರತೆಗೆಯುವ ಕ್ಯಾಥಿಟರ್ ನಳಿಗೆ ಹಾಕಿಸಲು ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ.