ಅಜೋಬಾಗೆ ಬೀಚಿ ಪರಿಚಯ: ಪುಣೆಯ ಒಂದು ಭಾನುವಾರ

ನಮಸ್ಕಾರ. ಇವತ್ತು ಪುಣೆಯ ಸೇನಾಪತಿ ಬಾಪಟ್ ರಸ್ತೆಗೆ ಬಂದಿದ್ದೇನೆ. ಇಲ್ಲಿ ನೋಡಿ, ಚೌಕಳಿ ಕೋಟು, ಧೋತರ, ದುಂಡು ಕನ್ನಡಕ. ಗುರುತು ಸಿಕ್ಕಿತು ಅಲ್ವಾ? ಸಿಂಬಯಾಸಿಸ್ ವಿದ್ಯಾಸಂಸ್ಥೆಯ ಆವರಣದಲ್ಲಿ ಪ್ರತಿಮೆಯಾಗಿ ನಿಂತಿರುವ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್. 1951ರಿಂದ ದಶಕಗಟ್ಟಲೆ ಪೇಪರಿನಲ್ಲಿ ಬಂದ ಮನುಷ್ಯ, ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ. ಮಾತೆಲ್ಲ ಪಕ್ಕದಲ್ಲಿದ್ದವರದ್ದು. ಇವರದ್ದು ಬರೀ ನೋಟ.

ಲಕ್ಷ್ಮಣ್ ನಮ್ಮ ಮೈಸೂರಿನವರು. ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆಯುತ್ತಿದ್ದವರು. 2015ರ ಜನವರಿ 26ರಂದು ತೀರಿಕೊಂಡದ್ದು ಇದೇ ಪುಣೆಯಲ್ಲಿ. ಇಲ್ಲಿ ಬಂದು ನಿಂತಾಗಲೆಲ್ಲ ನನಗೆ ಊರವರನ್ನು ಕಂಡ ಹಾಗೆ ಆಗುತ್ತದೆ.

ಚಿತ್ರಕ್ಕೆ ಭಾಷೆ ಬೇಕಿಲ್ಲ. ಆದರೆ ನಮ್ಮ ಹಾಸ್ಯ ಲೇಖಕ ಬೀಚಿಯನ್ನು ಮರಾಠಿಯವರಿಗೆ ಹೇಗೆ ದಾಟಿಸುವುದು? ನಮ್ಮ ಮನೆಯಲ್ಲಿ ಅಪ್ಪ ಊಟಕ್ಕೆ ಕುಳಿತರೆ ಬೀಚಿಯವರ ಪಾತ್ರ ತಿಂಮನ ಮಾತು ಇಲ್ಲದೆ ಏಳುತ್ತಿರಲಿಲ್ಲ. ಆ ನಗು ಹುಬ್ಬಳ್ಳಿಯಲ್ಲೇ ಉಳಿಯಿತು ಅಂತ ನಾನು ತುಂಬಾ ದಿನ ಬೇಜಾರು ಮಾಡಿಕೊಂಡಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜೋಬಾ, ಅಂದರೆ ಮರಾಠಿ ತಾತ, ಇದ್ದಾರೆ. ಹೋದ ತಿಂಗಳು ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದೆವು. ನನ್ನ ಕೈಲಿದ್ದ ಪುಸ್ತಕ ನೋಡಿ ಏನದು ಅಂದರು. ಬೀಚಿಯವರ ಆತ್ಮಕಥೆ, ಹೆಸರು ‘ನನ್ನ ಭಯಾಗ್ರಫಿ’ ಅಂದೆ. ಬಿಡಿಸಿ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಕಪ್ಪು ಕೆಳಗಿಟ್ಟರು. ಹೆಗಲು ಕುಣಿಯುವ ಹಾಗೆ ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಆಗ ಹೊಳೆಯಿತು. ಮರಾಠಿಯಲ್ಲೂ ಭಯ ಅಂದರೆ ಭಯವೇ! ಬಯಾಗ್ರಫಿಗೆ ಬೀಚಿ ಒಂದೇ ಒಂದು ಅಕ್ಷರ ತಿದ್ದಿ, ಬದುಕಿನ ಎಲ್ಲಾ ಅಂಜಿಕೆಯನ್ನೂ ಅದರೊಳಗೆ ತುಂಬಿಬಿಟ್ಟಿದ್ದಾರೆ. ಆ ಅಕ್ಷರಕ್ಕೆ ಅನುವಾದ ಬೇಕೇ ಆಗಲಿಲ್ಲ.

ಅಜೋಬಾ ಸುಮ್ನೆ ಬಿಡಲಿಲ್ಲ. ಒಳಗೆ ಕರೆದು ಮರಾಠಿಯ ಹಾಸ್ಯ ಲೇಖಕ ಪು.ಲ. ದೇಶಪಾಂಡೆಯವರ ‘ರಾವಸಾಹೇಬ್’ ಧ್ವನಿಮುದ್ರಣ ಹಾಕಿದರು. ಪು.ಲ. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಮಾಡಿದವರು. ಅಲ್ಲಿ ಸಿಕ್ಕ ಗೆಳೆಯನ ವ್ಯಕ್ತಿಚಿತ್ರ ಇದು. ಮಾತು ಮರಾಠಿ, ಎಳೆತ ಪೂರಾ ಕನ್ನಡ. ನಮ್ಮಲ್ಲಿ ಕುರ್ಚಿ, ಬಾಗಿಲು, ಮೇಜು ಎಲ್ಲಾ ‘ಅದು’. ಮರಾಠಿಯಲ್ಲಿ ಖುರ್ಚಿ ಹೆಣ್ಣು, ದರವಾಜಾ ಗಂಡು, ಟೇಬಲ್ ಎರಡೂ ಅಲ್ಲ. ಕನ್ನಡದ ನಾಲಿಗೆ ಇದಕ್ಕೆ ಪಳಗುವುದು ಎಷ್ಟು ಕಷ್ಟ ಅಂತ ಇಲ್ಲಿರುವ ನಮಗೆಲ್ಲ ಗೊತ್ತು. ರಾವಸಾಹೇಬರ ಬೈಗುಳವಂತೂ ಬೈಗುಳದ ಹಾಗೆ ಕೇಳುವುದೇ ಇಲ್ಲ, ಅಷ್ಟು ಪ್ರೀತಿ ಅದರಲ್ಲಿ. ಪು.ಲ. ಆ ಮಾತನ್ನು ಆಡಿಕೊಳ್ಳಲಿಲ್ಲ, ತಲೆಯ ಮೇಲೆ ಹೊತ್ತು ಮೆರೆಸಿದರು. ಮರಾಠಿ ಮನೆಯಲ್ಲಿ ಕುಳಿತು ಬೆಳಗಾವಿಯ ದನಿ ಕೇಳುತ್ತಾ ನನಗೆ ಗಂಟಲು ಕಟ್ಟಿತು.

ಆಮೇಲೆ ಸಿನಿಮಾ ಮಾತು ಬಂತು. ‘ಶೋಲೆ’ಯ ಸಾಂಭಾ ಬಂಡೆ ಮೇಲೆ ಕುಳಿತು ‘ಪೂರೇ ಪಚಾಸ್ ಹಜಾರ್’ ಅನ್ನುತ್ತಾನಲ್ಲ, ಆ ಬಂಡೆ ನಮ್ಮ ರಾಮನಗರದ್ದು ಅಂದೆ. ಅಜೋಬಾ ನಂಬಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಬೇಕಾಯಿತು. ಇಡೀ ಸಿನಿಮಾದಲ್ಲಿ ಸಾಂಭಾನ ಮಾತು ಅಂತ ನೆನಪಿರುವುದು ಅದೊಂದೇ. 1975ರಿಂದ ಇವತ್ತಿನವರೆಗೂ ಸವೆದಿಲ್ಲ ನೋಡಿ.

ಈಗ ಮನೆಗೆ ಹೊರಟಿದ್ದೇನೆ. ಇವತ್ತಿನ ಪಾಳಿ ಕೈಲಾಸಂ ಅವರದ್ದು. ‘ಬಂಡ್ವಾಳ್ವಿಲ್ಲದ್ ಬಡಾಯಿ’ ಅಂತ ಅವರ ನಾಟಕ ಇದೆಯಲ್ಲ, ನಿನ್ನೆ ರಾತ್ರಿ ಅದರ ಹೆಸರನ್ನೇ ಒಂದೊಂದು ಪದವಾಗಿ ನೋಡಿದೆ. ಬಂಡವಾಳಕ್ಕೆ ಮರಾಠಿಯಲ್ಲಿ ಭಾಂಡವಲ್. ಬಡಾಯಿಗೆ ಬಢಾಈ. ನಡುವಿನ ‘ಇಲ್ಲದ’ ಒಂದನ್ನು ದಾಟಿಸಿದರೆ ಸಾಕು. ಅಜೋಬಾ ಬಾಗಿಲು ತೆಗೆದ ಕೂಡಲೇ ಹೇಳುತ್ತೇನೆ, ಚಹಾ ಕಪ್ಪು ಕೈಗೆ ಬರುವ ಮೊದಲೇ.