ಗಂಟೆಗೆ ಎಷ್ಟು ಜನ?

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ರಜೆ ಹತ್ತಿರ ಬಂತು. ಬಿಡದಿಯ ವಂಡರ್‌ಲಾಗೆ ಯಾವಾಗ, ಮೈಸೂರಿನ ಜಿಆರ್‌ಎಸ್‌ಗೆ ಯಾವಾಗ ಅಂತ ಮಕ್ಕಳು ಆಗಲೇ ದುಂಬಾಲು ಬಿದ್ದಿರಬೇಕು. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಅಮೆರಿಕದ ಮಗಳ ಮನೆಗೆ ಹೊರಟವರೂ ನಿಮ್ಮಲ್ಲಿ ಇದ್ದೀರಿ. ಅಲ್ಲಿಗೆ ಹೋದ ಮೇಲೆ ಮೊಮ್ಮಕ್ಕಳು ಬಿಡುತ್ತಾರೆಯೇ? ಒಂದು ದಿನವಾದರೂ ಥೀಮ್ ಪಾರ್ಕಿಗೆ ಹೋಗಲೇಬೇಕು. ಇವತ್ತಿನ ನನ್ನ ಮಾತು ಹಾಗೆ ಹೊರಟಿರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆ.

ನಾನು ಪೀಣ್ಯದಲ್ಲಿ ಮೂವತ್ತೆರಡು ವರ್ಷ ಹೈಡ್ರಾಲಿಕ್ ಪ್ರೆಸ್ಸುಗಳ ಮೇಂಟೆನೆನ್ಸ್ ನೋಡಿಕೊಂಡವನು. ಯಂತ್ರ ಯಾಕೆ ನಿಲ್ಲುತ್ತದೆ, ನಿಂತರೆ ಯಾರಿಗೆ ನಷ್ಟ, ಇದೇ ನನ್ನ ದಿನದ ಕೆಲಸವಾಗಿತ್ತು. ಪಾರ್ಕಿನ ರೈಡೂ ಒಂದು ಯಂತ್ರ. ಅದರ ಬಗ್ಗೆ ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ. ಎಷ್ಟು ಎತ್ತರ ಅಂತಲ್ಲ, ಎಷ್ಟು ಸ್ಪೀಡ್ ಅಂತಲ್ಲ. ಗಂಟೆಗೆ ಎಷ್ಟು ಜನ? ಈ ರೈಡು ಒಂದು ಗಂಟೆಯಲ್ಲಿ ಎಷ್ಟು ಜನರನ್ನು ಕೂರಿಸಿ ಇಳಿಸುತ್ತದೆ? ಇಷ್ಟು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಗೊತ್ತಾಗುತ್ತದೆ.

ಈಗ ಬಹಳಷ್ಟು ಪಾರ್ಕುಗಳಲ್ಲಿ ಪ್ರವೇಶದ ಟಿಕೆಟ್ ಬರೀ ಶುರು. ಪಾರ್ಕಿಂಗ್‌ಗೆ ಬೇರೆ, ಲಾಕರ್‌ಗೆ ಬೇರೆ, ರೈಡಿನಲ್ಲಿ ತೆಗೆದ ಫೋಟೋಗೆ ಬೇರೆ. ಇವೆಲ್ಲ ಸಣ್ಣ ವಿಷಯ, ಬಿಡಿ. ದೊಡ್ಡದು ಒಂದಿದೆ, ಕ್ಯೂ ತಪ್ಪಿಸುವ ಪಾಸು. ನಮ್ಮ ವಂಡರ್‌ಲಾದಲ್ಲಿ ಅದಕ್ಕೆ ಫಾಸ್ಟ್ ಟ್ರ್ಯಾಕ್ ಅನ್ನುತ್ತಾರೆ. ನಮಗೆ ಇದು ಹೊಸದೇನಲ್ಲ. ತಿರುಮಲಕ್ಕೆ ಹೋದವರಿಗೆ 300 ರೂಪಾಯಿಯ ದರ್ಶನ ಗೊತ್ತು, ಸರ್ವದರ್ಶನವೂ ಗೊತ್ತು. ಎರಡೂ ಸಾಲು ಕೊನೆಗೆ ಹೋಗಿ ನಿಲ್ಲುವುದು ಒಂದೇ ಬಾಗಿಲ ಮುಂದೆ. ಬಾಗಿಲು ಅಗಲ ಆಗುವುದಿಲ್ಲ. ಪಾಸು ಮಾರಿದರೆ ರೈಡಿಗೂ ಒಂದು ಸೀಟು ಜಾಸ್ತಿ ಆಗುವುದಿಲ್ಲ. ಇರುವ ಸೀಟನ್ನೇ ಬೇರೆ ರೀತಿ ಹಂಚುತ್ತಾರೆ, ಅಷ್ಟೇ.

ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಅಂತ ಶುರು ಮಾಡಿದಾಗ ಅದಕ್ಕೆ ಬಿಡಿಗಾಸೂ ಕೊಡಬೇಕಿರಲಿಲ್ಲ. ಮೆಷಿನ್ನಿಗೆ ಟಿಕೆಟ್ ತೋರಿಸಿದರೆ ಚೀಟಿ ಬರುತ್ತಿತ್ತು, ಅದರಲ್ಲಿ ಬರೆದ ಸಮಯಕ್ಕೆ ಬಂದರೆ ಆಯಿತು. 2021ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಬಂತು. ತಲೆಗೆ ದಿನಕ್ಕೆ 15 ಡಾಲರ್. 2024ರ ಜುಲೈನಲ್ಲಿ ಅದರ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತ ಆಯಿತು. ಅದೇ ವರ್ಷದ ಕೊನೆಗೆ ಪ್ರೀಮಿಯರ್ ಪಾಸ್ ಅಂತ ಇನ್ನೊಂದು ಬಂತು. ಶುರುವಾದಾಗ ಅದರ ರೇಟು ಒಬ್ಬರಿಗೆ, ಒಂದು ದಿನಕ್ಕೆ, ಒಂದು ಪಾರ್ಕಿಗೆ 129 ಡಾಲರ್‌ನಿಂದ 449 ಡಾಲರ್ ತನಕ ಇತ್ತು. ಒಳಗೆ ಹೋಗುವ ಟಿಕೆಟ್ ಬೇರೆ! 1999ರಲ್ಲಿ ಪುಕ್ಕಟೆ ಇದ್ದದ್ದಕ್ಕೆ ಇಪ್ಪತ್ತೈದು ವರ್ಷದಲ್ಲಿ ಈ ರೇಟು. ಆ ರೈಡುಗಳು ಗಂಟೆಗೆ ಎಷ್ಟು ಜನರನ್ನು ಹೊರುತ್ತವೆ ಅನ್ನುವುದು ಮಾತ್ರ ಪಾಸಿನಿಂದ ಬದಲಾಗಲಿಲ್ಲ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ಒಂದು ಮಧ್ಯಾಹ್ನ, ಕ್ಯೂನಲ್ಲಿ ನಿಂತಾಗ. ಅಮೆರಿಕದ ಒಂದು ಪಾರ್ಕು, ಹೆಸರು ಬೇಡ. ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು. ಮೊಮ್ಮಗಳನ್ನು ಕರೆದುಕೊಂಡು ನಾನೊಬ್ಬನೇ ಹೋಗಿದ್ದೆ. ಅವಳಿಗೆ ಆಗ ಹತ್ತು ವರ್ಷ. ಕ್ಯೂ ಶುರುವಾಗುವ ಕಡೆ ಎತ್ತರ ಅಳೆಯುವ ಕೋಲು ನಿಲ್ಲಿಸಿರುತ್ತಾರಲ್ಲ, ಅದರ ಕೆಳಗೆ ನಿಂತು ಕುತ್ತಿಗೆ ಉದ್ದ ಮಾಡಿದಳು. ಹಿಂದಿನ ವರ್ಷ ಅರ್ಧ ಇಂಚು ಕಮ್ಮಿ ಅಂತ ವಾಪಸ್ ಕಳಿಸಿದ್ದರಂತೆ. ಈ ಸಲ ತಲೆಗೂದಲು ಕೋಲಿಗೆ ತಾಗಿತು. ಅಲ್ಲಿದ್ದ ಹುಡುಗ ಕೈಗೆ ಹಳದಿ ಪಟ್ಟಿ ಕಟ್ಟಿದ. ಅವಳ ಮುಖ ನೀವು ನೋಡಬೇಕಿತ್ತು.

ನಾವು ಪಾಸು ತೆಗೆದುಕೊಂಡಿರಲಿಲ್ಲ. ಬೋರ್ಡಿನಲ್ಲಿ 40 ನಿಮಿಷ ಅಂತ ಇತ್ತು. ನಲವತ್ತು ನಿಮಿಷ ತಾನೇ, ನಿಂತರಾಯಿತು ಅಂದುಕೊಂಡೆ. ಮೇಲೆ ತಗಡಿನ ಚಾವಣಿ, ಬಿಸಿಲಿಗೆ ಕಾದು ಸೆಖೆ. ಪಕ್ಕದಲ್ಲಿ ಕಬ್ಬಿಣದ ಕಂಬಿ, ಕಂಬಿಯ ಆ ಕಡೆ ಪಾಸಿನವರ ಸಾಲು. ಸುಮ್ನೆ ನಿಲ್ಲುವುದು ನನ್ನ ಜಾಯಮಾನವಲ್ಲ. ವಾಚು ನೋಡಿ ಎಣಿಸಲು ಶುರು ಮಾಡಿದೆ. ಅದು ರೋಲರ್ ಕೋಸ್ಟರ್, ಅಂದರೆ ಏರಿಳಿಯುವ ಹಳಿಯ ಮೇಲೆ ಟ್ರೈನು ಓಡಿಸುವ ರೈಡು. ಎರಡು ಟ್ರೈನು ಓಡುತ್ತಿದ್ದವು, ಒಂದೊಂದರಲ್ಲಿ 20 ಸೀಟು. ಎರಡು ನಿಮಿಷಕ್ಕೆ ಒಂದು ಹೊರಡುತ್ತಿತ್ತು. ಗಂಟೆಗೆ 30 ಸಲ, ಅಂದರೆ 600 ಜನ. ಗೇಟಿನಲ್ಲಿದ್ದ ಹುಡುಗಿ ಪ್ರತಿ ಸಲವೂ ಪಾಸಿನ ಕಡೆಯಿಂದ ಎಂಟು ಜನ, ನಮ್ಮ ಕಡೆಯಿಂದ ಹನ್ನೆರಡು ಜನರನ್ನು ಬಿಡುತ್ತಿದ್ದಳು. ಗಂಟೆಗೆ ಪಾಸಿನವರು 240, ನಾವು 360. ಸರಿ, ತೊಂದರೆ ಇಲ್ಲ.

ಅಷ್ಟರಲ್ಲಿ ಬೆಟ್ಟದ ಹಾಗಿದ್ದ ಆ ಹಳಿಯ ಕಡೆಯಿಂದ ಬರುತ್ತಿದ್ದ ಸದ್ದು ಬದಲಾಯಿತು. ಮೇಂಟೆನೆನ್ಸ್ ಮಾಡಿದವರಿಗೆ ಕಿವಿಯೇ ಮೊದಲು ಹೇಳುತ್ತದೆ. ಒಂದು ಟ್ರೈನನ್ನು ಪಕ್ಕದ ಶೆಡ್ಡಿಗೆ ತಳ್ಳಿದರು. ಇನ್ನೊಂದೇ ಓಡತೊಡಗಿತು. ಈಗ ನಾಲ್ಕು ನಿಮಿಷಕ್ಕೊಂದು. ಗಂಟೆಗೆ 300 ಜನ.

ಇಲ್ಲಿ ಗಮನ ಕೊಟ್ಟು ಕೇಳಿ. ರೈಡು ಅರ್ಧ ಆಯಿತು. ಆದರೆ ಪಾಸು ಬೆಳಿಗ್ಗೆಯೇ ಮಾರಿ ಆಗಿದೆ. ದುಡ್ಡು ಕೊಟ್ಟವರನ್ನು ಕಾಯಿಸುವ ಹಾಗಿಲ್ಲ. ಅವರ 240 ಹಾಗೇ ಉಳಿಯಿತು. ನಮಗೆ ಉಳಿದದ್ದು ಗಂಟೆಗೆ 60. ಆ ಹುಡುಗಿ ಒಂದು ಟ್ರೈನಿಗೆ ನಮ್ಮ ಕಡೆಯಿಂದ ನಾಲ್ಕೇ ಜನರನ್ನು ಬಿಡತೊಡಗಿದಳು. ರೈಡು ಅರ್ಧ ಆದರೆ ನಮ್ಮ ಸಾಲು ಆರನೇ ಒಂದು ಭಾಗಕ್ಕೆ ಇಳಿಯಿತು! ಮುಂದೆ 240 ಜನ ಇದ್ದರೆ ಮೊದಲು 40 ನಿಮಿಷ, ಈಗ ನಾಲ್ಕು ಗಂಟೆ. ಯಂತ್ರ ಕೆಟ್ಟ ನಷ್ಟವೆಲ್ಲ ಕಂಬಿಯ ಈ ಕಡೆ ಬಂದು ಬಿತ್ತು.

ಮೊಮ್ಮಗಳಿಗೆ ಅಂಗೈ ಮೇಲೆ ಬೆರಳಿನಿಂದ ಬರೆದು ಈ ಲೆಕ್ಕ ತೋರಿಸಿದೆ. "ತಾತ, ಹಾಗಾದ್ರೆ ನಾವು ಹೋಗಿಬಿಡೋಣ್ವಾ?" ಅಂದಳು. ಬೇಡ, ಇಷ್ಟು ಹೊತ್ತು ನಿಂತಿದ್ದೇವೆ ಅಂದೆ. ಅದು ತಪ್ಪಾಯಿತು. ಇನ್ನೂ ಒಂದೂವರೆ ಗಂಟೆ ನಿಂತೆವು. ನೀರಿನ ಬಾಟಲಿ ಖಾಲಿ. ನಮ್ಮ ಹಿಂದೆ ಒಬ್ಬ ತಾಯಿ ಮಗುವನ್ನು ಸೊಂಟದ ಮೇಲಿಂದ ಇಳಿಸಲಾರದೆ ಕಂಬಿಗೆ ಒರಗಿದ್ದಳು. ಕೊನೆಗೆ ಮೆಟ್ಟಿಲು ಕಾಣಿಸುವಷ್ಟು ಹತ್ತಿರ ಬಂದಾಗ ಉಳಿದ ಆ ಒಂದು ಟ್ರೈನೂ ನಿಂತಿತು. ಮೈಕಿನಲ್ಲಿ ತಾಂತ್ರಿಕ ಕಾರಣ ಅಂದರು. ಪಾಸಿನವರಿಗೆ ಬೇರೆ ಯಾವ ರೈಡಿಗಾದರೂ ಹೋಗಬಹುದು ಅಂತ ಫೋನಿಗೆ ಮೆಸೇಜು ಬಂತು. ನಮಗೆ ಏನೂ ಇಲ್ಲ. ಬಂದ ದಾರಿಯಲ್ಲೇ, ಕಂಬಿಗಳ ನಡುವೆ, ವಾಪಸ್. ಹಳದಿ ಪಟ್ಟಿಯನ್ನು ಅವಳು ರಾತ್ರಿ ಮಲಗುವ ತನಕ ಬಿಚ್ಚಲಿಲ್ಲ.

ನನಗೆ ಆವತ್ತು ಬೇಜಾರಾದದ್ದು ಪಾಸು ಮಾರಿದ್ದಕ್ಕಲ್ಲ. ಪದೇ ಪದೇ ಕೆಡುವ ರೈಡಿನ ಮೇಲೆ ಪಾಸು ಮಾರಿದ್ದಕ್ಕೆ. ದಿನಾ ನೆಟ್ಟಗೆ ಓಡುವ ರೈಡಿಗೆ ಪಾಸು ಮಾರಲಿ, ಎಲ್ಲರಿಗೂ ಪಾಲು ಸಿಗುತ್ತದೆ. ಕೆಡುವ ರೈಡನ್ನು ಒಂದೋ ಸರಿ ಮಾಡಬೇಕು, ಇಲ್ಲ ಮುಚ್ಚಬೇಕು. ಪಾರ್ಕಿನವರು ಹೆಸರಾದ ರೈಡೊಂದನ್ನು ಮುಚ್ಚಿದರೆ ಜನ ಬೇಸರ ಮಾಡಿಕೊಳ್ಳುತ್ತಾರೆ. ನಾನಂತೂ ಮಾಡಿಕೊಳ್ಳುವುದಿಲ್ಲ. ಯಾಕೆ ಅಂತ ಕಿಂಗ್ಡಾ ಕಾ ಅನ್ನುವ ರೈಡಿನ ಕಥೆ ಕೇಳಿದರೆ ಗೊತ್ತಾಗುತ್ತದೆ.

ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಬಹಳ ಮಂದಿ ಇದನ್ನು ಕಣ್ಣಾರೆ ನೋಡಿರಬೇಕು. ಅಲ್ಲಿನ ಜಾಕ್ಸನ್ ಅನ್ನುವ ಕಡೆ ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿದೆ. 2005ರ ಮೇ 21ರಂದು ಅಲ್ಲಿ ಕಿಂಗ್ಡಾ ಕಾ ಶುರುವಾಯಿತು. ಎತ್ತರ 456 ಅಡಿ. ನಮ್ಮ ಜೋಗದ ಅರ್ಧಕ್ಕಿಂತ ಜಾಸ್ತಿ. ಆಗ ಲೋಕದಲ್ಲೇ ಅತಿ ಎತ್ತರದ ರೋಲರ್ ಕೋಸ್ಟರ್. ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ನೆಟ್ಟಗೆ ಮೇಲೆ, ತುದಿ ದಾಟಿ ನೆಟ್ಟಗೆ ಕೆಳಗೆ. ಅರ್ಧ ನಿಮಿಷದಲ್ಲಿ ಆಟ ಮುಗಿಯಿತು.

ಅದನ್ನು ಎಳೆಯುತ್ತಿದ್ದದ್ದು ಹೈಡ್ರಾಲಿಕ್. ಇದು ನನ್ನ ಕಸುಬು, ಸ್ವಲ್ಪ ಹೇಳಲೇಬೇಕು. ಒಂದು ಕಡೆ ಎಣ್ಣೆ, ಒಂದು ಕಡೆ ನೈಟ್ರೋಜನ್ ಗ್ಯಾಸು ಇರುವ ಸಿಲಿಂಡರುಗಳು. ಪಂಪುಗಳು ಎಣ್ಣೆಯನ್ನು ಒತ್ತಿ ಒತ್ತಿ ತುಂಬುತ್ತವೆ, ಗ್ಯಾಸು ಸ್ಪ್ರಿಂಗಿನ ಹಾಗೆ ಅದುಮಿಕೊಂಡು ಕೂರುತ್ತದೆ. ಬಿಟ್ಟ ತಕ್ಷಣ ಎಣ್ಣೆಯೆಲ್ಲ ಒಮ್ಮೆಲೇ ನುಗ್ಗಿ ಮೋಟರುಗಳನ್ನು ತಿರುಗಿಸುತ್ತದೆ. ಮೋಟರು ದೊಡ್ಡ ಡ್ರಮ್ ತಿರುಗಿಸುತ್ತದೆ, ಡ್ರಮ್ಮು ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತದೆ, ಹಗ್ಗ ಟ್ರೈನನ್ನು ಎಳೆಯುತ್ತದೆ. ಬಾವಿಯ ರಾಟೆ ಇದ್ದ ಹಾಗೆಯೇ. ಆದರೆ 18 ಜನ ಕೂತ ಟ್ರೈನನ್ನು ಮೂರೂವರೆ ಸೆಕೆಂಡಿನಲ್ಲಿ ಎಳೆಯಬೇಕು, ಅದೂ ದಿನವಿಡೀ. ಒಂದು ಸೀಲು, ಬೆರಳಿಗೆ ಉಂಗುರದ ಹಾಗೆ ಹಾಕಿಕೊಳ್ಳಬಹುದಾದ ರಬ್ಬರ್ ಬಳೆ, ಅದು ಸವೆದು ಎಣ್ಣೆ ಸೋರಿದರೆ ಪ್ರೆಷರ್ ಸಿಗುವುದಿಲ್ಲ. ಪ್ರೆಷರ್ ಸಾಲದೆ ಹೋದರೆ ಟ್ರೈನು ತುದಿ ದಾಟದೆ ಹಿಂದಕ್ಕೆ ಜಾರಿ ಬರುತ್ತದೆ. ಅದನ್ನು ಹಿಡಿಯಲು ಹಳಿಯ ಮಧ್ಯೆ ಬ್ರೇಕಿನ ಫಲಕಗಳು ಮೇಲೇಳುತ್ತವೆ. ಯಾರಿಗೂ ಏನೂ ಆಗುವುದಿಲ್ಲ. ಆದರೆ ಆ ಹೊತ್ತು ಗಂಟೆಗೆ ಎಷ್ಟು ಜನ? ಸೊನ್ನೆ.

ಶುರುವಾಗಿ ಮೂರು ವಾರವೂ ಆಗಿರಲಿಲ್ಲ, 2005ರ ಜೂನ್ 8ರಂದು ಹಗ್ಗ ಓಡುವ ಕಾಲುವೆಯಂಥ ದಾರಿಯಲ್ಲಿ ಒಂದು ಬೋಲ್ಟು ಕಿತ್ತುಬಂತು. ಹಗ್ಗವೂ ಹಾಳು, ಬ್ರೇಕುಗಳೂ ಹಾಳು. ಮತ್ತೆ ಶುರುವಾದದ್ದು ಆಗಸ್ಟ್ 4ಕ್ಕೆ. ಬೇಸಿಗೆ ರಜೆ ಹೆಚ್ಚುಕಡಿಮೆ ಮುಗಿದಿತ್ತು. 2009ರ ಮೇನಲ್ಲಿ ಸಿಡಿಲು ಹೊಡೆಯಿತು, ಆಗಲೂ ಆಗಸ್ಟ್ ತನಕ ಬಂದ್. ಮಳೆ ಹನಿ ಬಿದ್ದರೂ ನಿಲ್ಲಿಸುತ್ತಿದ್ದರು. ಕಾಗದದ ಮೇಲೆ ಅದು ಗಂಟೆಗೆ 1,400 ಜನರ ರೈಡು. ಕಾಗದದ ಮೇಲೆ!  2024ರ ನವೆಂಬರ್ 10ಕ್ಕೆ ಕಿಂಗ್ಡಾ ಕಾ ಕೊನೆಯ ಸಲ ಓಡಿತು. ಮುಚ್ಚಿದ್ದೇವೆ ಅಂತ ಹೇಳಿದ್ದು ನಾಲ್ಕು ದಿನ ಆದ ಮೇಲೆ. ಕೊನೆಯ ಸಲ ಕೂರಬೇಕು ಅಂತಿದ್ದವರಿಗೆ ಅದೊಂದು ನೋವು, ಮೊದಲೇ ಹೇಳಬೇಕಿತ್ತು. 2025ರ ಫೆಬ್ರವರಿ 28ರ ಬೆಳಗಿನ ಜಾವ ಸಿಡಿಮದ್ದಿಟ್ಟು ಗೋಪುರ ಉರುಳಿಸಿದರು. ಇಪ್ಪತ್ತು ವರ್ಷದ ರೈಡು ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬಿತ್ತು. ಆ ವೀಡಿಯೋ ನನಗೂ ಬಂತು. ನೋಡಿ ನಾನು ಅಂದದ್ದು, ಸರಿಯಾದ ಕೆಲಸ.

ಇದರ ಅಣ್ಣನಂಥ ರೈಡು ಓಹಾಯೋದ ಸೀಡರ್ ಪಾಯಿಂಟ್‌ನಲ್ಲಿತ್ತು, 2003ರ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್. 2021ರ ಆಗಸ್ಟ್‌ನಲ್ಲಿ ಅದರ ಟ್ರೈನಿನಿಂದ ಲೋಹದ ತುಂಡೊಂದು ಹಾರಿ ಕ್ಯೂನಲ್ಲಿ ನಿಂತಿದ್ದ ಮಹಿಳೆಗೆ ಬಡಿಯಿತು, ತುಂಬಾ ಪೆಟ್ಟಾಯಿತು. ಕ್ಯೂನಲ್ಲಿ ನಿಂತವರಿಗೆ, ನೋಡಿ! ಎಣ್ಣೆ, ಹಗ್ಗ ಎಲ್ಲ ಕಿತ್ತುಹಾಕಿ ಅಯಸ್ಕಾಂತದಿಂದ ತಳ್ಳುವ ಹೊಸ ವಿಧಾನಕ್ಕೆ ಬದಲಾಯಿಸಿದರು. 2024ರ ಮೇನಲ್ಲಿ ತೆರೆದರು, ಒಂದು ವಾರಕ್ಕೆ ಮತ್ತೆ ನಿಲ್ಲಿಸಿ ಟ್ರೈನುಗಳನ್ನು ಸರಿಪಡಿಸಿ 2025ಕ್ಕೆ ತೆರೆದರು. ಅರ್ಧಂಬರ್ಧ ಓಡಿಸಿ ಪಾಸು ಮಾರುವುದಕ್ಕಿಂತ ಹೀಗೆ ಪೂರ್ತಿ ನಿಲ್ಲಿಸಿದ್ದು ಎಷ್ಟೋ ವಾಸಿ.

ಇದಕ್ಕೆ ತದ್ವಿರುದ್ಧ ಡಿಸ್ನಿಲ್ಯಾಂಡಿನ ಹಾಂಟೆಡ್ ಮ್ಯಾನ್ಶನ್ ಅನ್ನುವ ದೆವ್ವದ ಮನೆ ರೈಡು. 1969ರದ್ದು. ಸರಪಳಿಯಂತೆ ಸೇರಿಸಿದ ಗಾಡಿಗಳು ನಿಲ್ಲದೆ ಹೋಗುತ್ತಲೇ ಇರುತ್ತವೆ, ನಡೆಯುತ್ತಲೇ ಹತ್ತಬೇಕು, ಇಳಿಯಬೇಕು. ಸ್ಪೀಡಿಲ್ಲ, ಎತ್ತರವಿಲ್ಲ, ಜನ ಮಾತ್ರ ಹೊಳೆಯ ಹಾಗೆ ಹರಿಯುತ್ತಾರೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಬೇಗ ಬೇಗ ಹೇಳಿಬಿಡುತ್ತೇನೆ. ಪಾಸು ಕೊಳ್ಳುವ ಮೊದಲು ಕೌಂಟರಿನಲ್ಲಿ ಕೇಳಿ, ಇವತ್ತು ಯಾವ ರೈಡು ಬಂದ್ ಆಗಿದೆ, ನಡುವೆ ನಿಂತರೆ ದುಡ್ಡು ವಾಪಸ್ ಕೊಡುತ್ತೀರಾ ಅಂತ. ಕ್ಯೂಗೆ ಸೇರಿದ ಮೇಲೆ ಹತ್ತು ನಿಮಿಷ ವಾಚು ನೋಡಿ ಎಣಿಸಿ. ಎಷ್ಟು ಟ್ರೈನು ಹೋಯಿತು, ಒಂದರಲ್ಲಿ ನಿಮ್ಮ ಸಾಲಿನವರು ಎಷ್ಟು ಜನ. ಲೆಕ್ಕ ಸರಿ ಕಾಣದಿದ್ದರೆ ಹೊರಗೆ ಬನ್ನಿ, ಇಷ್ಟು ಹೊತ್ತು ನಿಂತೆವಲ್ಲ ಅಂತ ಹಟ ಮಾಡಬೇಡಿ. ಕೆಡುವ ರೈಡಿಗೆ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ. ಇನ್ನು, ರೈಡು ನಿಂತಾಗ ಅಲ್ಲಿರುವ ಹುಡುಗ ಹುಡುಗಿಯರ ಮೇಲೆ ದಯವಿಟ್ಟು ಕೂಗಾಡಬೇಡಿ. ಸೆನ್ಸರಿಗೆ ಅನುಮಾನ ಬಂದರೆ ರೈಡು ನಿಲ್ಲಲೇಬೇಕು, ಹಾಗೆ ಮಾಡಿಟ್ಟಿರುವುದೇ ನಿಮ್ಮ ಮಕ್ಕಳಿಗೋಸ್ಕರ. ಕೇಳುವುದಿದ್ದರೆ ಆಫೀಸಿಗೆ ಹೋಗಿ ಮ್ಯಾನೇಜರನ್ನು ಕೇಳಿ. ಏನು ಕೇಳಬೇಕು? ಗಂಟೆಗೆ ಎಷ್ಟು ಜನ, ಅದರಲ್ಲಿ ಪಾಸಿಗೆ ಎಷ್ಟು, ನಮಗೆ ಎಷ್ಟು ಅಂತ ಕೇಳಿ. ಬೋರ್ಡಿನಲ್ಲಿ ಬರೆದು ಹಾಕಿ ಅಂತ ಹೇಳಿ.

ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಮಕ್ಕಳನ್ನು ಕರೆದುಕೊಂಡು ನಾನೂ ಬಿಡದಿಗೆ ಹೋಗುವವನಿದ್ದೇನೆ. ಚಿಕ್ಕವನು ಈಗಲೇ ದಿನಾ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಪೆನ್ಸಿಲಿನಿಂದ ಗೆರೆ ಎಳೆಸಿಕೊಳ್ಳುತ್ತಿದ್ದಾನೆ.

ನಮಸ್ಕಾರ.