ಒದ್ದೆ ಹಳಿಯ ಮೇಲೆ ಉಗಿ ಎಂಜಿನ್

ಕೇಳುಗರಿಗೆ ನಮಸ್ಕಾರ.

ಡಾರ್ಜಿಲಿಂಗ್‌ನ ಪುಟ್ಟ ರೈಲಿನ ಚಿತ್ರವನ್ನು ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಸಣ್ಣ ಉಗಿ ಎಂಜಿನ್, ಹಿಂದೆ ಎರಡು ಮೂರು ಬೋಗಿ, ಪಕ್ಕದಲ್ಲೇ ರಸ್ತೆ. ಮುಂದಿನ ಸಲ ಆ ಚಿತ್ರ ಸಿಕ್ಕಿದರೆ ಎಂಜಿನ್ನಿನ ಮೂತಿಯ ಹತ್ತಿರ ಸರಿಯಾಗಿ ನೋಡಿ. ಎಡಕ್ಕೊಬ್ಬ, ಬಲಕ್ಕೊಬ್ಬ ಇಬ್ಬರು ಕೂತಿರುವುದು ಎಷ್ಟೋ ಚಿತ್ರಗಳಲ್ಲಿ ಕಾಣುತ್ತದೆ. ಸುಮ್ನೆ ಸವಾರಿಗೆ ಹತ್ತಿದವರಲ್ಲ ಅವರು. ಎಂಜಿನ್ ಸಿಬ್ಬಂದಿಯೇ. ಚಕ್ರ ಜಾರಿದಾಗ ಹಳಿಯ ಮೇಲೆ ಕೈಯಾರೆ ಮರಳು ಉದುರಿಸುವುದು ಅವರ ಕೆಲಸ.

ಹದಿನಾಲ್ಕು ಹದಿನೈದು ಟನ್ ತೂಗುವ ಎಂಜಿನ್ನಿಗೆ ಹಿಡಿ ಮರಳಿನ ಹಂಗು ಏಕೆ? ಇವತ್ತು ಇದನ್ನೇ ಮಾತಾಡೋಣ.

ಹಳಿಯೂ ಉಕ್ಕು, ಚಕ್ರವೂ ಉಕ್ಕು. ಇವೆರಡೂ ಒಂದನ್ನೊಂದು ಮುಟ್ಟುವ ಜಾಗ ಎಷ್ಟು ಗೊತ್ತಾ? ಒಂದೊಂದು ಚಕ್ರದ ಕೆಳಗೆ ಒಂದು ಚದರ ಸೆಂಟಿಮೀಟರ್‌ನ ಆಸುಪಾಸು, ಅಷ್ಟೇ. ಇಷ್ಟು ಚಿಕ್ಕ ಜಾಗದಲ್ಲಿ ಸಿಗುವ ಹಿಡಿತದಿಂದಲೇ ಇಡೀ ರೈಲನ್ನು ಎಳೆಯಬೇಕು. ಹಳಿ ಒಣಗಿದ್ದು ಚೊಕ್ಕಟವಾಗಿದ್ದರೆ, ಎಳೆಯುವ ಚಕ್ರಗಳ ಮೇಲೆ ಎಷ್ಟು ಭಾರ ಕೂತಿದೆಯೋ ಅದರ ಕಾಲು ಭಾಗದಷ್ಟು ಬಲ ಧಾರಾಳವಾಗಿ ಸಿಗುತ್ತದೆ. ಅರವತ್ತು ಟನ್ ಭಾರವಿದ್ದರೆ ಹದಿನೈದು ಟನ್ ಎಳೆತ ಅಂತ ಇಟ್ಟುಕೊಳ್ಳಿ. ಅದೇ ಹಳಿ ಒದ್ದೆಯಾಗಿ, ಮೇಲೆ ಎಣ್ಣೆ ಜಿಡ್ಡೋ ಕೊಳೆತ ಎಲೆಯೋ ಇದ್ದರೆ ಹಿಡಿತ ಆ ಭಾರದ ಹತ್ತನೇ ಒಂದು ಭಾಗಕ್ಕೆ ಇಳಿಯಬಹುದು. ಆಗ ಅದೇ ಎಂಜಿನ್ನಿಗೆ ಸಿಗುವುದು ಆರೇ ಟನ್. ಬಾಯ್ಲರ್‌ನಲ್ಲಿ ಉಗಿ ಎಷ್ಟೇ ಇರಲಿ, ಅದಕ್ಕಿಂತ ಹೆಚ್ಚು ಎಳೆಯಲು ಹೋದರೆ ಚಕ್ರ ನಿಂತಲ್ಲೇ ತಿರುಗುತ್ತದೆ.

ಮಳೆ ಜಾಸ್ತಿ ಆದಷ್ಟೂ ಜಾರುವುದು ಜಾಸ್ತಿ ಅನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಬೈಕ್ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಬೇಸಿಗೆ ಕಳೆದು ಮೊದಲ ಹನಿ ಬಿದ್ದಾಗ ರಸ್ತೆ ಹೇಗೆ ಜಾರುತ್ತದೋ, ಹಳಿಯೂ ಹಾಗೆಯೇ. ಧೋ ಅಂತ ಸುರಿದ ಮಳೆ ಹಳಿಯನ್ನು ತೊಳೆದು ಹೋಗುತ್ತದೆ. ಡ್ರೈವರ್‌ಗಳು ಹೆದರುವುದು ತುಂತುರು ಮಳೆಗೆ, ಇಬ್ಬನಿಗೆ, ಮಂಜಿಗೆ, ಸುರಂಗದೊಳಗಿನ ತೇವಕ್ಕೆ. ತುಕ್ಕು, ಧೂಳು, ಜಿಡ್ಡಿನ ಜೊತೆ ಒಂಚೂರೇ ನೀರು ಕಲೆತರೆ ಹಳಿಯ ಮೇಲೆ ತೆಳ್ಳಗೆ ಲೋಳೆ ಕಟ್ಟುತ್ತದೆ.

ಇನ್ನು ಉಗಿ ಎಂಜಿನ್ನಿಗೆ ಅದರದೇ ಒಂದು ಕಷ್ಟ ಇದೆ. ಮೋಟಾರಿನ ಹಾಗೆ ಅದು ಒಂದೇ ಸಮನೆ ತಿರುಗಿಸುವುದಿಲ್ಲ. ಎರಡು ಸಿಲಿಂಡರ್‌ನ ಎಂಜಿನ್ ಆದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪಿಸ್ಟನ್‌ಗಳು ನಾಲ್ಕು ಸಲ ನೂಕುತ್ತವೆ. ನೂಕಿನ ಬಲ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಸರಾಸರಿ ಬಲ ಹಿಡಿತದ ಒಳಗೇ ಇದ್ದರೂ, ಏರಿದ ಒಂದು ಗಳಿಗೆಯಲ್ಲಿ ಮಿತಿ ದಾಟಿದರೆ ಸಾಕು, ಚಕ್ರ ಕೈ ತಪ್ಪುತ್ತದೆ. ಒಮ್ಮೆ ಜಾರತೊಡಗಿದ ಚಕ್ರಕ್ಕೆ ನಿಂತ ಚಕ್ರಕ್ಕಿಂತ ಹಿಡಿತ ಇನ್ನೂ ಕಡಿಮೆ. ಹಾಗಾಗಿ ತಾನಾಗಿಯೇ ಸರಿಹೋಗುವುದು ಕಷ್ಟ. ಸುತ್ತುವ ವೇಗ ಏರುತ್ತಲೇ ಇರುತ್ತದೆ.

ಕ್ಯಾಬಿನ್ನಿನಲ್ಲಿ ಆಗ ಏನಾಗುತ್ತದೆ? ನಿಲ್ದಾಣದಿಂದ ಹೊರಡುವ ಹೊತ್ತು. ಡ್ರೈವರ್ ಸಿಲಿಂಡರ್‌ಗೆ ಉಗಿ ಬಿಡುವ ರೆಗ್ಯುಲೇಟರ್ ಹಿಡಿಯನ್ನು ಸ್ವಲ್ಪವೇ ತೆರೆಯುತ್ತಾನೆ. ಒಂದು ಛುಕ್. ಬಿಡುವು. ಇನ್ನೊಂದು ಛುಕ್. ಮೂರನೆಯದರ ಹೊತ್ತಿಗೆ ಒಮ್ಮೆಲೇ ಛುಕುಛುಕುಛುಕು ಅಂತ ಎಂಜಿನ್ ಅಬ್ಬರಿಸುತ್ತದೆ, ಮೈಯೆಲ್ಲಾ ನಡುಗುತ್ತದೆ, ರೈಲು ಮಾತ್ರ ಅಲ್ಲಾಡುವುದಿಲ್ಲ. ಚಿಮಣಿಯಿಂದ ನುಗ್ಗುವ ಉಗಿಯ ರಭಸಕ್ಕೆ ಒಲೆಯ ಬೆಂಕಿಯೇ ಕಿತ್ತುಕೊಂಡು ಬರುತ್ತದೆ. ಫೈರ್‌ಮನ್ ಕಷ್ಟಪಟ್ಟು ಹದವಾಗಿ ಹರಡಿದ ಕೆಂಡ ಕ್ಷಣದಲ್ಲಿ ತೂತುತೂತಾಗುತ್ತದೆ. ಡ್ರೈವರ್ ತಕ್ಷಣ ಉಗಿ ನಿಲ್ಲಿಸಬೇಕು. ಚಕ್ರ ಹಳಿಯನ್ನು ಮತ್ತೆ ಹಿಡಿಯುವವರೆಗೆ ಕಾಯಬೇಕು. ಆಮೇಲೆ ಮೊದಲಿಗಿಂತ ಮೆಲ್ಲಗೆ ತೆರೆಯಬೇಕು. ಒಳ್ಳೆಯ ಡ್ರೈವರ್ ಇದನ್ನೆಲ್ಲ ಕಿವಿಯಿಂದಲೇ ಮಾಡುತ್ತಿದ್ದ. ಛುಕ್‌ಗಳ ನಡುವಿನ ಅಂತರ ಕೂದಲೆಳೆಯಷ್ಟು ಕಡಿಮೆಯಾದರೂ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಕೈ.

ಕೆಲವು ಎಂಜಿನ್‌ಗಳಲ್ಲಿ ಅಷ್ಟು ಚುರುಕಾದ ಕೈಯೂ ಸಾಲುತ್ತಿರಲಿಲ್ಲ. ಉಗಿಯನ್ನು ಮತ್ತಷ್ಟು ಕಾಯಿಸಲು ಸೂಪರ್‌ಹೀಟರ್ ಕೊಳವೆಗಳು ಬಂದಮೇಲೆ, ರೆಗ್ಯುಲೇಟರ್ ಮುಚ್ಚಿದರೂ ಆ ಕೊಳವೆಗಳೊಳಗೆ ಉಳಿದ ಉಗಿ ಸಿಲಿಂಡರ್‌ಗೆ ಹೋಗುತ್ತಲೇ ಇರುತ್ತಿತ್ತು. ನಿಲ್ಲು ಅಂದಮೇಲೂ ಚಕ್ರ ಇನ್ನೆರಡು ಸುತ್ತು ಹೊಡೆಯುತ್ತಿತ್ತು. ಮುಚ್ಚಿದೊಡನೆ ಉಗಿ ನಿಲ್ಲಲಿ ಅಂತ ಅಮೆರಿಕದ ಎಷ್ಟೋ ಎಂಜಿನ್‌ಗಳಲ್ಲಿ ರೆಗ್ಯುಲೇಟರನ್ನು ಸಿಲಿಂಡರ್‌ನ ಹತ್ತಿರಕ್ಕೇ ತಂದು ಕೂರಿಸಿದರು.

ಈಗ ಮರಳಿಗೆ ಬರೋಣ. ಮರಳಿನ ಕಣ ಚಕ್ರದಡಿ ಪುಡಿಯಾಗಿ ಲೋಳೆಯನ್ನು ಸೀಳುತ್ತದೆ, ಉಕ್ಕಿಗೆ ತರಿ ಕೊಡುತ್ತದೆ. ಆದರೆ ಮರಳು ಪಕ್ಕಾ ಒಣಗಿರಬೇಕು. ತೇವ ತಾಗಿದರೆ ಕೊಳವೆಯಲ್ಲೇ ಗಂಟು ಕಟ್ಟುತ್ತದೆ. ಅದಕ್ಕೆ ಎಂಜಿನ್ ಶೆಡ್‌ಗಳಲ್ಲಿ ಮರಳು ಹುರಿಯಲೆಂದೇ ಒಲೆ ಇರುತ್ತಿತ್ತು. ಜರಡಿ ಹಿಡಿದು, ಒಣಗಿಸಿ, ಬಕೆಟ್ಟಿನಲ್ಲಿ ಹೊತ್ತು ಪೆಟ್ಟಿಗೆಗೆ ತುಂಬುತ್ತಿದ್ದರು. ಅಮೆರಿಕದವರು ಮರಳಿನ ಪೆಟ್ಟಿಗೆಯನ್ನು ಬಾಯ್ಲರ್‌ನ ನೆತ್ತಿಯ ಮೇಲೇ ಇಟ್ಟರು. ಬಾಯ್ಲರ್ ಬಿಸಿಗೆ ಮರಳು ಸದಾ ಒಣಗಿರುತ್ತಿತ್ತು.

ಮೊದಮೊದಲು ಮರಳು ಕೊಳವೆಯಿಂದ ಸುಮ್ನೆ ಕೆಳಗೆ ಉದುರುತ್ತಿತ್ತು. ಗಾಳಿ ಬೀಸಿದರೆ ಹಳಿಯ ಆಚೆ ಬೀಳುತ್ತಿತ್ತು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ ರೈಲ್ವೆಯ ಡರ್ಬಿ ಕಾರ್ಖಾನೆಯಲ್ಲಿ ಫ್ರಾನ್ಸಿಸ್ ಹೋಲ್ಟ್ ಎಂಬವರು 1886ರ ಸುಮಾರಿಗೆ ಉಗಿಯಿಂದಲೇ ಮರಳನ್ನು ಊದುವ ಏರ್ಪಾಡು ಮಾಡಿದರು. ಸಣ್ಣ ಉಗಿಯ ಚಿಲುಮೆ ಮರಳನ್ನು ಎಳೆದುಕೊಂಡು, ಚಕ್ರ ಹಳಿಯನ್ನು ಮುಟ್ಟುವ ಸಂದಿಗೇ ಹೊಡೆಯುತ್ತದೆ. ನೋಡಲು ಚಿಕ್ಕ ಉಪಾಯ, ಫಲ ಮಾತ್ರ ದೊಡ್ಡದು. ಜಾರುತ್ತವೆ ಅಂತ ಮೂಲೆಗೆ ಸರಿಸಿದ್ದ ಒಂದೇ ಜೋಡಿ ದೊಡ್ಡ ಚಕ್ರದ ಎಂಜಿನ್‌ಗಳಿಗೆ ಮರುಜೀವ ಬಂತು. 1887ರಿಂದ 1900ರವರೆಗೆ ಅದೇ ರೈಲ್ವೆ ಅಂಥ 95 ಎಂಜಿನ್‌ಗಳನ್ನು ಕಟ್ಟಿಸಿತು. ಆಳಿಗಿಂತ ಎತ್ತರದ, ಏಳು ಅಡಿ ಮೀರಿದ ಚಕ್ರ ಅವಕ್ಕೆ. ಅವುಗಳಲ್ಲಿ ಒಂದು ಯಾರ್ಕ್‌ನ ರಾಷ್ಟ್ರೀಯ ರೈಲು ಮ್ಯೂಸಿಯಂಗೆ ಸೇರಿದೆ.

ಮರಳು ಹಾಕುವುದಕ್ಕೂ ಹೊತ್ತುಗೊತ್ತು ಇದೆ. ಚಕ್ರ ರಭಸದಿಂದ ಸುತ್ತುತ್ತಿರುವಾಗ ಮರಳು ಬಿಟ್ಟರೆ ಅದು ಗಪ್ಪನೆ ಕಚ್ಚಿಕೊಳ್ಳುತ್ತದೆ. ಚಕ್ರಗಳನ್ನು ಜೋಡಿಸುವ ಉಕ್ಕಿನ ದಂಡವೇ ಬಾಗಿಹೋಗುವ ಅಪಾಯ. ಮೊದಲು ಉಗಿ ನಿಲ್ಲಿಸಬೇಕು, ಚಕ್ರ ಶಾಂತವಾಗಬೇಕು, ಆಮೇಲೆ ಮರಳು. ಅತಿಯಾದರೂ ಕಷ್ಟ. ಹಿಂದಿನ ಬೋಗಿಗಳೆಲ್ಲ ಆ ಮರಳಿನ ಮೇಲೇ ಉರುಳಬೇಕಾಗಿ ಎಳೆಯಲು ಮತ್ತಷ್ಟು ಭಾರವಾಗುತ್ತವೆ. ಸಿಗ್ನಲ್‌ಗೆ ಹಳಿಯಲ್ಲಿ ಕರೆಂಟ್ ಹರಿಸುವ ಕಡೆ, ಚಕ್ರಕ್ಕೂ ಹಳಿಗೂ ನಡುವೆ ಮರಳಿನ ಪದರ ಅಡ್ಡ ಬಂದು ರೈಲು ಅಲ್ಲಿ ಇದೆ ಅನ್ನುವುದೇ ತಿಳಿಯದೆ ಹೋಗಬಹುದು.

ಎಂಜಿನ್ ಕಟ್ಟುವವರು ತಮ್ಮ ಕಡೆಯಿಂದ ಮಾಡಿದ್ದು ಎಳೆಯುವ ಚಕ್ರಗಳನ್ನು ಹೆಚ್ಚಿಸಿ ಭಾರವನ್ನು ಅವಕ್ಕೆ ಹಂಚಿದ್ದು. ನಮ್ಮ ಮೀಟರ್‌ಗೇಜ್ ಕಾಲ ನೆನಪಿರುವವರಿಗೆ ವೈಪಿ, ವೈಜಿ ಎಂಜಿನ್‌ಗಳು ಗೊತ್ತಿರುತ್ತವೆ. ಪ್ಯಾಸೆಂಜರ್ ಎಳೆಯುವ ವೈಪಿಗೆ ಆರು ಎಳೆಯುವ ಚಕ್ರ, ಗೂಡ್ಸ್ ಎಳೆಯುವ ವೈಜಿಗೆ ಎಂಟು, ಅವೂ ಸ್ವಲ್ಪ ಚಿಕ್ಕವು. ಘಾಟಿಯಲ್ಲಿ ಅದೂ ಸಾಲದು. ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರದ ಪಕ್ಕ ಗೋವಾದ ಕುಳೆಗೆ ಇಳಿಯುವ ದಾರಿಯಲ್ಲಿ 37 ಅಡಿಗೆ ಒಂದು ಅಡಿ ಏರು. ಅಲ್ಲಿನ ಮಳೆಗಾಲ ಹೇಗಿರುತ್ತದೆ ಅಂತ ಉತ್ತರ ಕನ್ನಡದವರಿಗೆ ನಾನು ಹೇಳಬೇಕಿಲ್ಲ. ಮೇಲೆ ಹತ್ತುವ ರೈಲನ್ನು ಹಿಂದಿನಿಂದ ಬೇರೆ ಎಂಜಿನ್ ನೂಕಬೇಕು. ನೀಲಗಿರಿಯಲ್ಲಂತೂ ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯನ್ನೇ ಹಾಕಿದರು. 12 ಅಡಿಗೆ ಒಂದು ಅಡಿಯ ಆ ಏರಿಗೆ ಬರಿ ಚಕ್ರವನ್ನು ನಂಬಿಕೊಳ್ಳುವ ಹಾಗಿರಲಿಲ್ಲ.

ಡಾರ್ಜಿಲಿಂಗ್‌ಗೆ ಹಲ್ಲಿನ ಪಟ್ಟಿ ಇಲ್ಲ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಅಭಿಮಾನ. 1881ರಲ್ಲಿ ಡಾರ್ಜಿಲಿಂಗ್ ತಲುಪಿದ ಎರಡಡಿ ಅಗಲದ ಈ ಹಳಿ, ಸಿಲಿಗುರಿಯ ಬಯಲಿನಿಂದ ಹೊರಟು 2,258 ಮೀಟರ್ ಎತ್ತರದ ಘೂಮ್‌ವರೆಗೆ ಬರಿ ಚಕ್ರದ ಹಿಡಿತದಿಂದ ಹತ್ತುತ್ತದೆ. ಸುತ್ತು ಹಾಕಿ, ಹಿಂದೆ ಮುಂದೆ ಹೋಗಿ, ಬೆಟ್ಟವನ್ನು ಬಳಸಿಕೊಂಡು. 1889ರಿಂದ ಬಂದ ಬಿ ದರ್ಜೆಯ ಎಂಜಿನ್‌ಗಳಿಗೆ ನಾಲ್ಕೇ ಚಕ್ರ. ನೀರು, ಕಲ್ಲಿದ್ದಲು ಎಲ್ಲವನ್ನೂ ಎಂಜಿನ್ನೇ ಹೊತ್ತುಕೊಂಡು, ಇದ್ದಬದ್ದ ತೂಕವನ್ನೆಲ್ಲ ಆ ನಾಲ್ಕರ ಮೇಲೇ ಹಾಕುತ್ತದೆ. ಒಂದು ಕಿಲೋ ಭಾರವೂ ಪೋಲಾಗುವುದಿಲ್ಲ. ಆದರೆ ಹಳಿ ರಸ್ತೆಯ ಪಕ್ಕದಲ್ಲೇ ಸಾಗಿ, ಮತ್ತೆ ಮತ್ತೆ ರಸ್ತೆಯನ್ನು ದಾಟುತ್ತದೆ. ಲಾರಿ ಚಕ್ರದ ಕೆಸರು, ಎಣ್ಣೆ, ಬೆಟ್ಟದ ಮಂಜು ಎಲ್ಲ ಅದರ ಮೇಲೆ. ಕಡಿದಾದ ತಿರುವಿನಲ್ಲಿ ಚಕ್ರ ಗಿರ್ರನೆ ಸುತ್ತಿದಾಗ, ಮುಂದೆ ಕೂತ ಇಬ್ಬರು ಪೆಟ್ಟಿಗೆಗೆ ಕೈ ಹಾಕಿ, ಬಗ್ಗಿ, ತಮ್ಮ ತಮ್ಮ ಹಳಿಗೆ ಮರಳು ಬಿಡುತ್ತಾರೆ. ಕಣ್ಣೆದುರೇ ಹಳಿ ಇರುವುದರಿಂದ ಎಲ್ಲಿ ಒದ್ದೆ, ಎಲ್ಲಿ ಎಣ್ಣೆ, ಎಷ್ಟು ಮರಳು ಬೇಕು ಅನ್ನುವುದು ಅವರಿಗೇ ಮೊದಲು ಗೊತ್ತಾಗುತ್ತದೆ. ಚಳಿ, ಮಳೆಯಲ್ಲಿ ಎಂಜಿನ್ನಿನ ಹೊರಗೆ ಕೂತು ಮಾಡುವ ಕೆಲಸ ಅದು. ಯುನೆಸ್ಕೊ 1999ರಲ್ಲಿ ಈ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದಲ್ಲಿ ಈ ಇಬ್ಬರ ಪಾಲೂ ದೊಡ್ಡದಿದೆ ಅಂತ ನಾನು ನಂಬಿದ್ದೇನೆ.

ಇವತ್ತಿನ ಡೀಸೆಲ್, ವಿದ್ಯುತ್ ಎಂಜಿನ್‌ಗಳಲ್ಲೂ ಚಕ್ರದ ಮುಂದೆ ಮರಳಿನ ಕೊಳವೆ ಇದ್ದೇ ಇದೆ. ಯಾವ ಚಕ್ರ ಬೇಗ ಸುತ್ತುತ್ತಿದೆ ಅಂತ ಯಂತ್ರವೇ ಪತ್ತೆ ಮಾಡಿ ಬಲವನ್ನು ತಗ್ಗಿಸುತ್ತದೆ. ಮರಳನ್ನು ಒತ್ತಡದ ಗಾಳಿ ಊದುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 50 ಅಡಿಗೆ ಒಂದು ಅಡಿ ಇಳಿಜಾರು. ಅಲ್ಲಿ ಮೇಲೆ ಹತ್ತುವ ರೈಲಿಗೆ ಈಗಲೂ ಹಿಂದಿನಿಂದ ನೂಕುವ ಎಂಜಿನ್ ಬೇಕು. ಮಳೆಗಾಲಕ್ಕೆ ಮೊದಲು ಆ ಎಂಜಿನ್‌ಗಳ ಪೆಟ್ಟಿಗೆಗೂ ಒಣ ಮರಳನ್ನೇ ತುಂಬಬೇಕು.

ನಮಸ್ಕಾರ.